ನಮ್ಮ ಹೈಸ್ಕೂಲುಗಳಲ್ಲಿ ವಿದ್ಯಾರ್ಥಿ ಸಂಘಗಳು

ಬೇಸಗೆಯ ರಜವು ಮುಗಿದು ಹೈಸ್ಕೂಲುಗಳು ಬಾಗಿಲು ತೆರೆದ ಒಂದೆರಡು ವಾರಗಳೊಳಗಾಗಿ ಶಾಲೆಯ ಗೋಡೆಯ ಮೇಲೆ ಒಂದು ಪಟ್ಟಿಯು ಕಾಣಿಸಿಕೊಳ್ಳುವುದು ವಾಡಿಕೆ. ವಿಜ್ಞಾನ ಸಂಘ, ಸಾಹಿತ್ಯ ಸಂಘ, ಇತಿಹಾಸ ಸಂಘ, ಪರಿಸರ ಸಂಘ, ಸ್ಕೌಟು ಮತ್ತು ಗೈಡು ದಳ, ಶಾಲಾ ಸಂಸತ್ತು ಎಂದು ಅದರಲ್ಲಿ ಹೆಸರುಗಳಿರುತ್ತವೆ. ಒಂದೊಂದರ ಎದುರಿಗೂ ಒಬ್ಬ ಉಪಾಧ್ಯಾಯರ ಹೆಸರೂ ಒಬ್ಬ ವಿದ್ಯಾರ್ಥಿ ಕಾರ್ಯದರ್ಶಿಯ ಹೆಸರೂ ಇರುತ್ತವೆ. ಪಟ್ಟಿಯನ್ನು ಮಾತ್ರ ನೋಡಿದವರಿಗೆ, ಈ ಶಾಲೆಯಲ್ಲಿ ಪಾಠಕ್ಕಿಂತಲೂ ಸಂಘಗಳ ಕಾರ್ಯವೇ ಹೆಚ್ಚೋ ಏನೋ ಎಂಬ ಶಂಕೆಯುಂಟಾದರೂ ಆಶ್ಚರ್ಯವಿಲ್ಲ. ಅದೇ ಶಾಲೆಗೆ ದಸರೆಯ ರಜ ಕಳೆದಮೇಲೆ ಹೋಗಿ, ಜೂನ್ ತಿಂಗಳಿಂದೀಚೆಗೆ ಈ ಸಂಘಗಳು ಎಷ್ಟು ಸಲ ಸೇರಿದುವೆಂದು ಮೆಲ್ಲನೆ ವಿಚಾರಿಸಿದರೆ, ಉದ್ಘಾಟನೆಯಾಯಿತೆಂದೂ, ಸ್ವಾತಂತ್ರ್ಯದ ದಿನ ಒಂದು ಭಾಷಣ ಸ್ಪರ್ಧೆ ನಡೆಯಿತೆಂದೂ, ಇನ್ನು ವಾರ್ಷಿಕೋತ್ಸವವನ್ನು ಎದುರುನೋಡುತ್ತಿರುವೆವೆಂದೂ ಉತ್ತರ ಬರುವುದುಂಟು. ಎಲ್ಲ ಶಾಲೆಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಚೆನ್ನಾಗಿ ನಡೆದ ಸಂಘಗಳನ್ನೂ ಕಂಡಿದ್ದೇವೆ. ಅವು ಏಕೆ ನಡೆದುವು, ಮಿಕ್ಕವು ಏಕೆ ನಿಂತುವು ಎಂಬುದನ್ನು ಗೃಹಸ್ಥರಾದ ವಾಚಕರೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾವು ಮುಖ್ಯವಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಸಂಗತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇವೆ. ೨೦೦೭ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ತಾನೇ ಒಂದು ಜಿಲ್ಲೆಯಾಯಿತಷ್ಟೆ. ಜಿಲ್ಲೆಯು ಬೇರೆಯಾದರೂ ಜನರ ದೃಷ್ಟಿಯು ಮಾತ್ರ ಎಂದಿನಂತೆ ಬೆಂಗಳೂರಿನ ಕಡೆಗೇ ಇದೆ. ಅಲ್ಲಿಯ ಶಾಲೆಗಳಲ್ಲಿ ಯಂತ್ರಮಾನವನನ್ನು ಕಟ್ಟುವ ಸಂಘವಿದೆ, ಈಜುಕೊಳವಿದೆ, ಚದುರಂಗಕ್ಕೆ ಪ್ರತ್ಯೇಕ ಗುರುಗಳಿದ್ದಾರೆ. ನಮ್ಮ ಮಕ್ಕಳಿಗೆ ಇವೊಂದೂ ಇಲ್ಲವಲ್ಲಾ ಎಂದು ತಾಯಿತಂದೆಗಳು ಕೊರಗುವುದನ್ನು ನಾವು ಅನೇಕ ಸಲ ಕೇಳಿದ್ದೇವೆ. ಕೊರಗಿಗೆ ಕಾರಣವಿಲ್ಲವೆಂದಲ್ಲ. ಆದರೆ ಇಲ್ಲದ ಸಾಮಗ್ರಿಯ ಚಿಂತೆಯಲ್ಲಿ, ಇರುವ ಸಾಮಗ್ರಿಯು ಕಣ್ಣಿಗೆ ಬೀಳದೆ ಹೋಗುತ್ತಿದೆಯೆಂದು ನಮಗೆ ತೋರುತ್ತದೆ.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ಸಂಸ್ಕೃತವನ್ನು ಓದಿದವರಿಗೆ ಶಬ್ದದ ಗೊಡವೆ ಬಿಡದೆಂದು ವಾಚಕರು ಕ್ಷಮಿಸಬೇಕು. ಈ ಕಾರ್ಯಗಳಿಗೆ 'ಪಠ್ಯೇತರ' ಚಟುವಟಿಕೆಗಳೆಂದು ಹೆಸರಿಟ್ಟರು. 'ಇತರ' ಎಂದೊಡನೆಯೇ ಅದು ಮನೆಯ ಹೊರಗಿನ ಜಗಲಿಯ ಮೇಲೆ ಕುಳಿತುಬಿಟ್ಟಿತು. ಸಮಯವುಳಿದರೆ ಒಳಗೆ ಕರೆಯುವುದು, ಇಲ್ಲವಾದರೆ ಇಲ್ಲ. ಈಚೆಗೆ 'ಸಹಪಠ್ಯ' ಎನ್ನುತ್ತಾರೆ, ಇದು ವಾಸಿ. ನಮ್ಮ ಹಿರಿಯರು ಬಳಸಿದ 'ಗೋಷ್ಠೀ' ಎಂಬ ಶಬ್ದವು ಇವೆರಡಕ್ಕಿಂತಲೂ ಅಂದವಾಗಿದೆ. ಗೋಷ್ಠವೆಂದರೆ ಹಸುಗಳು ನಿಲ್ಲುವ ಕೊಟ್ಟಿಗೆ. ದಿನವೂ ಹೊತ್ತಿಗೆ ಸರಿಯಾಗಿ ಒಂದೇ ಕಡೆ ಬಂದು ಸೇರುವುದರಿಂದ ಜನರ ಕೂಟಕ್ಕೂ ಆ ಹೆಸರು ಹತ್ತಿತೆಂದು ನಾವು ಶಿಷ್ಯರಿಗೆ ಹೇಳುತ್ತಿದ್ದೆವು. ಹೊತ್ತು ತಪ್ಪಿದರೆ ಕೊಟ್ಟಿಗೆಯೂ ಇಲ್ಲ, ಗೋಷ್ಠಿಯೂ ಇಲ್ಲ. ಪ್ರಾಚೀನರು ಎಣಿಸಿದ ಅರವತ್ತುನಾಲ್ಕು ಕಲೆಗಳಲ್ಲಿ ಹಾಡು ಕುಣಿತಗಳ ಜೊತೆಗೆ ಹೂಮಾಲೆ ಕಟ್ಟುವುದು, ಒಗಟು ಬಿಡಿಸುವುದು, ಸಮಸ್ಯಾಪೂರಣ, ಮರಗೆಲಸ, ಗಿಡಮರಗಳ ಚಿಕಿತ್ಸೆ ಇವೂ ಇವೆ. ಪಾಠದ ಆಚೆಗೆ ಇರುವುದೂ ವಿದ್ಯೆಯೇ ಎಂಬುದು ಈ ನಾಡಿಗೆ ಹೊಸದಾಗಿ ಬಂದ ಅಭಿಪ್ರಾಯವಲ್ಲ.

ಇನ್ನು ಉದಾಹರಣೆಗೆ ಬರೋಣ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಒಂದು ಬಡಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಹೆಸರನ್ನು ಅರಿಯದ ಉಪಾಧ್ಯಾಯರು ನಮ್ಮ ಕಡೆ ಇರಲಾರರು. ೧೯೩೫ರಲ್ಲಿ ಆ ಬಾಲಕನು ಹೈಸ್ಕೂಲು ಓದುವುದಕ್ಕೋಸ್ಕರ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಹೋದನು. ಬಸ್ಸಿಗೆ ಹಣವಿಲ್ಲದೆ ಅಷ್ಟು ದೂರವನ್ನೂ ನಡೆದೇ ಹೋದನು. ದಾರಿ ಎಂಬತ್ತು ಕಿಲೋಮೀಟರಿಗೂ ಮೇಲು. ಮರುವರ್ಷ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸವು ಈ ಹಳ್ಳಿಯ ಹುಡುಗನ ಪಾಲಿಗೆ ಬಂದಿತು. ತುಂಬಿದ ಸಭೆಯಲ್ಲಿ ಎದ್ದುನಿಂತು ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯಲ್ಲಿ ಆಗಿಂದಾಗಲೇ ಹೇಳುವುದು ಪರೀಕ್ಷೆಯ ಉತ್ತರಪತ್ರಿಕೆಯಿಂದ ಬರುವ ಶಕ್ತಿಯಲ್ಲ. ಮುಂದೆ ಅವರು ಚಲೇಜಾವ್ ಚಳವಳಿಯಲ್ಲಿ ಸೆರೆಮನೆಗೆ ಹೋದರು, ಭೌತವಿಜ್ಞಾನದ ಅಧ್ಯಾಪಕರಾದರು, ಅಮೆರಿಕದ ಓಹಾಯೋದಲ್ಲಿ ಪರಮಾಣು ಬೀಜದ ವಿಜ್ಞಾನದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ೨೦೦೫ರಲ್ಲಿ ದಿವಂಗತರಾಗುವವರೆಗೆ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ವಾಸಮಾಡಿದರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜುಗಳು ಬಂದುದೂ ಅವರಿಂದಲೇ.

ಆದರೆ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಮತ್ತೊಂದು. ೧೯೬೨ರಲ್ಲಿ ಅವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಘವನ್ನು ಆರಂಭಿಸಿದರು. ಅದರ ನಿಯಮ ಬಹು ಸರಳವಾದುದು. ವಾರಕ್ಕೆ ಒಂದು ದಿನ, ಗೊತ್ತಾದ ಹೊತ್ತಿಗೆ, ವಿಷಯವನ್ನು ಬಲ್ಲ ಒಬ್ಬರು ಬಂದು ಮಾತನಾಡತಕ್ಕದ್ದು. ಬಾಗಿಲು ಎಲ್ಲರಿಗೂ ತೆರೆದಿರತಕ್ಕದ್ದು. ಕೇಳುವವರು ಪ್ರಶ್ನೆ ಮಾಡಬಹುದು. ಕಿರೀಟವಿಲ್ಲ, ಪದಕವಿಲ್ಲ, ಪ್ರಥಮ ದ್ವಿತೀಯಗಳಿಲ್ಲ. ಆ ಪದ್ಧತಿಯು ಸ್ಥಾಪಕರ ಕಾಲವನ್ನು ದಾಟಿಯೂ ನಡೆದುಬಂದಿತು. ಅದನ್ನು ಉಳಿಸಿದುದು ವಾರದ ಗೊತ್ತಾದ ದಿನವೆಂದೇ ನಾವು ತಿಳಿದಿದ್ದೇವೆ. ಇಂತಹ ಸಂಘವನ್ನು ಕಲ್ಪಿಸಿದವರು ನಮ್ಮ ತಾಲ್ಲೂಕಿನ ಹಳ್ಳಿಯವರು. ಅದರ ಫಲವನ್ನುಂಡುದು ಬೆಂಗಳೂರು. ಹೊಸೂರಿನ ಸುತ್ತಣ ಹಳ್ಳಿಗಳ ಮಕ್ಕಳಿಗೂ ವಾರಕ್ಕೊಂದು ಗೊತ್ತಾದ ಗಂಟೆಯು ಏಕೆ ದೊರೆಯಬಾರದು?

ದೊರೆಯದಿರುವುದಕ್ಕೆ ಕಾರಣವನ್ನು ಅನೇಕರು ಹಣದ ಕೊರತೆಯೆನ್ನುತ್ತಾರೆ, ಉಪಾಧ್ಯಾಯರ ಕೊರತೆಯೆನ್ನುತ್ತಾರೆ. ನಮ್ಮ ಅನುಭವದಲ್ಲಿ ಮೊದಲನೆಯ ಕಾರಣವು ಬಸ್ಸು.

ಈ ಮಾತು ಕೆಲವರಿಗೆ ವಿನೋದವಾಗಿ ಕಂಡೀತು. ಆದರೆ ವಿಚಾರಮಾಡಿ ನೋಡಿ. ಸಂಘದ ಸಭೆಯನ್ನು ಇಡುವುದು ಯಾವಾಗ? ಸಂಜೆ ಕೊನೆಯ ಗಂಟೆ ಹೊಡೆದಮೇಲೆ. ಆಗ ಉಳಿಯುವವರು ಯಾರು? ಪೇಟೆಯೊಳಗೆ ಮನೆಯಿರುವವರು, ಅವರಲ್ಲಿಯೂ ಹೆಚ್ಚಾಗಿ ಗಂಡುಹುಡುಗರು. ಚಿಂತಾಮಣಿಯ ಹೈಸ್ಕೂಲಿಗೆ ಏಳೆಂಟು ಮೈಲಿಯ ಹಳ್ಳಿಯಿಂದ ಬರುವ ಹುಡುಗಿಯು ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಚೀಲದ ಬಾಯಿ ಕಟ್ಟಿ ಕುಳಿತಿರುತ್ತಾಳೆ. ಆ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದಮೇಲೆ; ಕೆಲವು ಹಳ್ಳಿಗಳಿಗೆ ಅದೂ ಇಲ್ಲ. ೨೦೦೬ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟಿತು. ಎಷ್ಟೋ ಹುಡುಗಿಯರು ಹೈಸ್ಕೂಲಿನ ಮೆಟ್ಟಿಲು ಹತ್ತಿದುದು ಆ ಬೈಸಿಕಲ್ಲಿನಿಂದಲೇ. ೨೦೨೩ರ ಜೂನ್ ತಿಂಗಳಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಚೀಟಿಯ ಹಣ ಬೇಡವೆಂದಾಯಿತು. ಇವೆರಡೂ ದೊಡ್ಡ ಉಪಕಾರಗಳೇ ಸರಿ. ಆದರೆ ಚೀಟಿಗೆ ಹಣ ಬೇಡವಾದರೂ ಬಸ್ಸು ಬರುವ ಹೊತ್ತು ಬದಲಾಗಲಿಲ್ಲ. ಹೀಗೆ ಸಂಘವು ಎಲ್ಲರಿಗಾಗಿ ಎಂದು ಗೋಡೆಯ ಮೇಲೆ ಬರೆದಿದ್ದರೂ ನಡೆಯುವುದು ಪೇಟೆಯ ಹತ್ತು ಹದಿನೈದು ಹುಡುಗರಿಗಾಗಿ. ವರ್ಷ ಕಳೆದಂತೆ ಅವರಿಗೂ ಬೇಸರವಾಗಿ ಅದು ನಿಂತುಹೋಗುತ್ತದೆ.

ಶಿಡ್ಲಘಟ್ಟದ ಕಡೆ ಇದಕ್ಕೆ ಮತ್ತೊಂದು ತೊಡಕು ಸೇರುತ್ತದೆ. ಹುಳು ಸಾಕುವ ಮನೆಯ ಮಕ್ಕಳಿಗೆ ಬೆಳಗ್ಗೆಯೂ ಸಂಜೆಯೂ ಸೊಪ್ಪಿನ ಕೆಲಸವಿದ್ದೇ ಇರುತ್ತದೆ. ನಾಲ್ಕನೆಯ ಜ್ವರದಿಂದೆದ್ದ ಹುಳು ಹಗಲುರಾತ್ರಿ ತಿನ್ನುತ್ತದೆ. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಆ ಕೆಲವು ದಿನಗಳಲ್ಲಿಯೇ ಮುಗಿಸುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನವಂತೂ ಮನೆಯವರೆಲ್ಲರ ಕೈಯೂ ಬೇಕು. ಅಂದು ಸಂಜೆ ಸಾಹಿತ್ಯ ಸಂಘಕ್ಕೆ ನಿಲ್ಲು ಎಂದು ಆ ಹುಡುಗನಿಗೆ ಹೇಳುವುದರಲ್ಲಿ ಅರ್ಥವಿಲ್ಲ.

ಆದಕಾರಣ ಸಂಘದ ಗಂಟೆಯು ಶಾಲೆಯ ವೇಳಾಪಟ್ಟಿಯ ಒಳಗೇ ಇರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ವಾರದ ನಡುವೆ ಒಂದು ದಿನದ ಮಧ್ಯಾಹ್ನದ ಒಂದು ಪಿರಿಯಡ್, ಇಲ್ಲವೆ ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಗಂಟೆ, ಇಷ್ಟು ಸಾಕು. ಹಾಗೆ ಮಾಡಿದರೆ ಪಾಠವು ಹಿಂದೆ ಬೀಳುವುದೆಂದು ಹೆಡ್‌ಮಾಸ್ಟರುಗಳು ಹೆದರುತ್ತಾರೆ. ವಾರಕ್ಕೆ ನಲವತ್ತಕ್ಕೂ ಮೇಲ್ಪಟ್ಟು ಪಿರಿಯಡ್‌ಗಳಿರುವಾಗ ಒಂದರಿಂದ ಹಿಂದೆ ಬೀಳುವ ಪಾಠವು ಮಿಕ್ಕವುಗಳಲ್ಲಿ ಮುಂದೆ ಹೋಗುತ್ತಿದ್ದಿತೇ ಎಂದು ಕೇಳಬೇಕೆನಿಸುತ್ತದೆ. ಶ್ರವಣ, ಮನನ, ನಿದಿಧ್ಯಾಸನಗಳೆಂದು ಹಿರಿಯರು ಮೂರು ಮೆಟ್ಟಿಲುಗಳನ್ನು ಹೇಳಿದರು. ನಮ್ಮ ತರಗತಿಗಳಲ್ಲಿ ಮೊದಲನೆಯದು ಮಾತ್ರ ನಡೆಯುತ್ತದೆ, ಎರಡನೆಯದಕ್ಕೆ ಎಡೆಯೆಲ್ಲಿ?

ಗಂಟೆಯು ಸಿಕ್ಕಿತೆಂದಿಟ್ಟುಕೊಳ್ಳೋಣ. ಅದರಲ್ಲಿ ಮಾಡುವುದೇನು? ಇಲ್ಲಿ ನಾವು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ. ಏಕೆಂದರೆ ಸಾಮಗ್ರಿಯಿಲ್ಲವೆಂಬ ದೂರು ಇಲ್ಲಿಯೇ ಹುಟ್ಟುವುದು.

ಒಂದು ಮೀಟರು ಉದ್ದದ ನೆಟ್ಟನೆಯ ಕೋಲು ಸಾಕು. ಜ್ಯೋತಿಷ ಸಿದ್ಧಾಂತ ಗ್ರಂಥಗಳಲ್ಲಿ ಇದಕ್ಕೆ ಶಂಕುವೆಂದು ಹೆಸರು. ಅಲ್ಲಿ ಅದರ ಉದ್ದ ಹನ್ನೆರಡು ಅಂಗುಲ. ಶಾಲೆಯ ಅಂಗಳದಲ್ಲಿ ಸಮನೆಲದ ಮೇಲೆ ಅದನ್ನು ನೆಟ್ಟು, ತೂಗುಗುಂಡಿನಿಂದ ನೆಟ್ಟಗಿದೆಯೇ ಎಂದು ನೋಡಿ, ಮಧ್ಯಾಹ್ನದ ನೆರಳನ್ನು ವಾರಕ್ಕೊಮ್ಮೆ ಅಳೆದು ಬರೆದಿಡಲಿ. ಸೆಪ್ಟೆಂಬರ್ ೨೨ ಅಥವಾ ೨೩ರಂದು ಹಗಲೂ ರಾತ್ರಿಯೂ ಸಮವಾದಾಗ ಚಿಕ್ಕಬಳ್ಳಾಪುರದಲ್ಲಿ ಆ ಕೋಲಿನ ನೆರಳು ಸುಮಾರು ೨೪ ಸೆಂಟಿಮೀಟರು ಬೀಳುತ್ತದೆ. ಆ ನೆರಳಿಗೂ ಕೋಲಿಗೂ ಇರುವ ಪ್ರಮಾಣದಿಂದ ತಮ್ಮ ಊರು ಭೂಮಧ್ಯರೇಖೆಯಿಂದ ಹದಿಮೂರೂವರೆ ಡಿಗ್ರಿಯಷ್ಟು ಉತ್ತರಕ್ಕಿದೆಯೆಂದು ಹತ್ತನೆಯ ತರಗತಿಯ ತ್ರಿಕೋಣಮಿತಿಯಿಂದಲೇ ತಿಳಿಯಬಹುದು. ಅಂದು ನೆರಳು ಅತ್ಯಂತ ಚಿಕ್ಕದಾಗುವುದು ಗಡಿಯಾರದಲ್ಲಿ ಹನ್ನೆರಡಾದಾಗಲ್ಲ, ಹನ್ನೆರಡು ಗಂಟೆಯ ಮೇಲೆ ಹನ್ನೆರಡು ನಿಮಿಷದ ಸುಮಾರಿಗೆ. ಅದೇಕೆ ಹೀಗೆ ಎಂದು ಮಕ್ಕಳು ಕೇಳದೆ ಇರಲಾರರು. ಕೇಳಿದರೆ, ದೇಶಕ್ಕೆಲ್ಲ ಒಂದೇ ಗಡಿಯಾರವಿರುವುದನ್ನೂ, ಸೂರ್ಯನು ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ನೆತ್ತಿಗೆ ಬರುವುದನ್ನೂ ಅಂಗಳದಲ್ಲಿಯೇ ಹೇಳಿಕೊಡಬಹುದು. ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವೆ ಇನ್ನೊಮ್ಮೆ, ಆ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಶಾಲೆಯಿಲ್ಲ, ಆಗಸ್ಟ್‌ನಲ್ಲಿ ಮೋಡ ಬಿಡಬೇಕು. ಮೋಡವು ಬಿಡುವುದೋ ಇಲ್ಲವೋ ಎಂದು ಅರುವತ್ತು ಮಕ್ಕಳು ಆಕಾಶವನ್ನು ನೋಡುತ್ತ ನಿಂತಿರುವುದೂ ವಿದ್ಯಾಭ್ಯಾಸವೇ.

ಮಳೆಯನ್ನು ಅಳೆಯುವುದಕ್ಕೆ ಒಂದು ಡಬ್ಬಿಯೂ ಅಳತೆಪಟ್ಟಿಯೂ ಸಾಕು. ನಮ್ಮದು ಬತ್ತದ ಹೊಳೆಯಿಲ್ಲದ ಸೀಮೆ. ಉತ್ತರ ಪಿನಾಕಿನಿಯು ನಂದಿಯ ಬೆಟ್ಟಸಾಲಿನಲ್ಲಿಯೇ ಹುಟ್ಟಿದರೂ ನಮಗೆ ದಕ್ಕುವುದು ಮಳೆಗಾಲದ ಕೆಲವು ದಿನ ಮಾತ್ರ. ಕೆರೆಯೇ ನಮಗೆ ಗತಿ. ಮಳೆಯನ್ನು ತಾರೀಕಿನ ಜೊತೆಗೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ನಕ್ಷತ್ರದ ಹೆಸರಿನಿಂದಲೂ ಬರೆದಿಟ್ಟರೆ, ಮನೆಯಲ್ಲಿ ಅಜ್ಜಿ ಹೇಳುವ ಮಾತು ಎಷ್ಟರಮಟ್ಟಿಗೆ ನಿಜವೆಂದು ಐದಾರು ವರ್ಷಗಳಲ್ಲಿ ಶಾಲೆಯ ಪುಸ್ತಕವೇ ಹೇಳುತ್ತದೆ. ಬೆಂಗಳೂರಿನ ಕೊಳೆನೀರನ್ನು ಶುದ್ಧಿಮಾಡಿ ಈಚಿನ ವರ್ಷಗಳಲ್ಲಿ ನಮ್ಮ ಕೆರೆಗಳಿಗೆ ಬಿಟ್ಟಿದ್ದಾರೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ದೊಡ್ಡವರು ಜಗಳವಾಡುತ್ತಾರೆ. ಪರಿಸರ ಸಂಘದ ಮಕ್ಕಳು ಜಗಳಕ್ಕೆ ಹೋಗದೆ, ಸುತ್ತಣ ಬಾವಿಗಳ ನೀರಿನ ಮಟ್ಟವನ್ನೂ ಕೆರೆಗೆ ಬರುವ ಹಕ್ಕಿಗಳನ್ನೂ ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ಗಿಡ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವುದಕ್ಕಿಂತ ಇದು ಮೇಲು. ಆ ಗಿಡಕ್ಕೆ ಮರುದಿನ ನೀರು ಹೊಯ್ದವರ ಚಿತ್ರವನ್ನು ನಾವು ಇನ್ನೂ ಕಂಡಿಲ್ಲ.

ರೇಷ್ಮೆಯ ವಿಷಯವನ್ನು ಹಿಂದೆ ತೊಡಕೆಂದು ಹೇಳಿದೆವಷ್ಟೆ. ಅದೇ ಸಂಘಕ್ಕೆ ಬಂಡವಾಳವೂ ಆಗಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯು ನಾಡಿನ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಒಂದು ಕಿಲೋ ರೇಷ್ಮೆಯನ್ನು ತೆಗೆಯುವುದಕ್ಕೆ ಎಷ್ಟು ಕಿಲೋ ಗೂಡು ಬೇಕೋ ಅದಕ್ಕೆ ರೀಲರುಗಳು ರೆಂಡಿಟ್ಟವೆನ್ನುತ್ತಾರೆ. ಪ್ರಮಾಣದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಗಣಿತದ ಪುಸ್ತಕವನ್ನು ಬರೆದವರು ಎಲ್ಲಿಂದ ತಂದಾರು? ಸೊಪ್ಪಿನ ತೂಕ, ಹುಳುವಿನ ತೂಕ, ಮನೆಯ ಶಾಖ, ಗೂಡಿಗೆ ಬಂದ ಬೆಲೆ ಇವನ್ನು ಹುಡುಗನು ತನ್ನ ಮನೆಯಲ್ಲಿಯೇ ಬರೆದು ತಂದು ಸಂಘದಲ್ಲಿ ಹೇಳಿದರೆ, ಅಂದು ಅವನೇ ಗುರು, ಉಪಾಧ್ಯಾಯರೇ ಶಿಷ್ಯರು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗನಿಗೆ ವರ್ಷಕ್ಕೊಂದು ಸಲವಾದರೂ ಈ ಸ್ಥಾನ ದೊರೆತರೆ ಅವನ ನಡಿಗೆಯೇ ಬೇರೆಯಾಗುವುದನ್ನು ನಾವು ನೋಡಿದ್ದೇವೆ. ಒಂದು ಎಚ್ಚರಿಕೆ ಮಾತ್ರ ಬೇಕು. ನೂಲು ತೆಗೆಯುವ ಕಾರ್ಖಾನೆಗಳಲ್ಲಿ ಕುದಿನೀರಿನ ಮುಂದೆ ಮಕ್ಕಳನ್ನು ದುಡಿಸಿಕೊಂಡ ಕಾಲವೊಂದಿತ್ತು. ಕಾನೂನು ಅದನ್ನು ನಿಷೇಧಿಸಿದೆ. ಸಂಘದ ಹೆಸರಿನಲ್ಲಿ ಮಕ್ಕಳು ಅಲ್ಲಿಗೆ ಹೋಗುವುದು ನೋಡುವುದಕ್ಕೇ ಹೊರತು ಕೈಹಾಕುವುದಕ್ಕಲ್ಲ.

ಗೌರಿಬಿದನೂರಿನವರಿಗಂತೂ ದೇಶದಲ್ಲಿ ಬೇರೆ ಊರವರಿಗಿಲ್ಲದ ಸಂಪತ್ತಿದೆ. ಅಲ್ಲಿ ೧೯೬೫ರಲ್ಲಿ ಪರಮಾಣು ಶಕ್ತಿ ಇಲಾಖೆಯವರು ಭೂಕಂಪಗಳನ್ನೂ, ದೂರದೇಶಗಳಲ್ಲಿ ನಡೆಯುವ ಪರಮಾಣು ಸ್ಫೋಟಗಳನ್ನೂ ನೆಲದ ನಡುಕದಿಂದಲೇ ಕಂಡುಹಿಡಿಯುವ ಕೇಂದ್ರವನ್ನು ಸ್ಥಾಪಿಸಿದರು. ೧೯೭೬ರಿಂದ ಅಲ್ಲಿಯೇ ಸಮೀಪದಲ್ಲಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೊಡ್ಡ ದೂರದರ್ಶಕವು ಕೆಲಸಮಾಡತೊಡಗಿತು. ಇದಕ್ಕೆ ಕನ್ನಡಿಯಿಲ್ಲ, ಗೋಪುರವಿಲ್ಲ. ಬಯಲಿನಲ್ಲಿ ನೆಟ್ಟ ಕಂಬಗಳ ಮೇಲೆ ಸಾವಿರ ತಂತಿಯ ಗ್ರಾಹಕಗಳನ್ನು ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ಹರಡಿದ್ದರು. ಎಂಟೂಮುಕ್ಕಾಲು ಮೀಟರಿನಷ್ಟು ಉದ್ದದ ಅಲೆಗಳನ್ನು ಅದರಿಂದ ಹಿಡಿಯುತ್ತಿದ್ದರು. ಸೂರ್ಯನನ್ನು ಇದೇ ರೀತಿ ಗಮನಿಸುವ ಮತ್ತೊಂದು ಸಲಕರಣೆಯನ್ನು ೧೯೯೭ರಿಂದ ನಡೆಸಿಕೊಂಡು ಬಂದಿದ್ದಾರೆ. ಈ ಬೇಲಿಯ ಪಕ್ಕದಲ್ಲಿ ದನ ಮೇಯಿಸಿಕೊಂಡು ಬೆಳೆದ ಮಕ್ಕಳು, ಒಳಗೆ ನಡೆಯುವುದೇನೆಂಬುದನ್ನು ತಿಳಿಯದೆ ಹೈಸ್ಕೂಲು ಮುಗಿಸಬಾರದು. ಮೊದಲೇ ಕಾಗದ ಬರೆದು ಅನುಮತಿ ಪಡೆಯಬೇಕು. ಹೋಗುವ ಮುನ್ನ ಮಕ್ಕಳು ಎರಡು ವಾರ ಓದಿಕೊಂಡು ಪ್ರಶ್ನೆಗಳನ್ನು ಬರೆದುಕೊಳ್ಳಬೇಕು. ಇಲ್ಲವಾದರೆ ಅದು ವನಭೋಜನವಾಗಿಬಿಡುತ್ತದೆ.

ಅದೇ ತಾಲ್ಲೂಕಿನ ವಿದುರಾಶ್ವತ್ಥಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗುವುದುಂಟು. ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಕ್ಕಾಗಿ ಸೇರಿದ್ದ ಜನರ ಮೇಲೆ ಅಲ್ಲಿ ಪೋಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯನ್ನು ಸರ್ಕಾರವು ಒಂದು ರೀತಿ ಹೇಳಿತು, ಜನರು ಅದಕ್ಕಿಂತ ಬಹಳ ಹೆಚ್ಚಾಗಿ ಹೇಳಿದರು. ಸ್ಮಾರಕಕ್ಕೆ ಹೂವಿಟ್ಟು ಬರುವುದು ಸರಿಯೇ. ಆದರೆ ಎರಡು ಲೆಕ್ಕಗಳು ಏಕೆ ಬೇರೆಬೇರೆಯಾದುವು, ಯಾರ ಮಾತನ್ನು ಯಾವ ಆಧಾರದಿಂದ ನಂಬಬೇಕು ಎಂಬ ಪ್ರಶ್ನೆಯನ್ನು ಇತಿಹಾಸ ಸಂಘವು ಎತ್ತಿಕೊಂಡರೆ ಮಕ್ಕಳು ಇತಿಹಾಸವನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು ವಿಚಾರಮಾಡಲು ತೊಡಗುತ್ತಾರೆ. ಚಿಕ್ಕಬಳ್ಳಾಪುರದವರಿಗೆ ಮುದ್ದೇನಹಳ್ಳಿಯು ಹತ್ತಿರವೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರೆಂದು ಎಲ್ಲರೂ ಬಲ್ಲರು. ಅವರು ಮೊದಲು ಓದಿದುದು ಚಿಕ್ಕಬಳ್ಳಾಪುರದ ಪಾಠಶಾಲೆಯಲ್ಲಿ ಎಂಬುದನ್ನು ಬಲ್ಲವರು ಕಡಮೆ.

ಭಾಷಣ ಸಂಘವನ್ನು ಕುರಿತು ನಮ್ಮ ಕಡೆಗೆ ವಿಶೇಷವಾದ ಒಂದು ಮಾತಿದೆ. ಆಂಧ್ರದ ಗಡಿಯು ಹತ್ತಿರವಾದುದರಿಂದ ಈ ತಾಲ್ಲೂಕುಗಳಲ್ಲಿ ಅನೇಕರ ಮನೆಮಾತು ತೆಲುಗು. ಪೇಟೆಗಳಲ್ಲಿ ಉರ್ದು ಮಾತನಾಡುವ ಮನೆಗಳೂ ಬಹಳ. ಈ ಮಕ್ಕಳಿಗೆ ಕನ್ನಡವು ಓದಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ತಪ್ಪಿದರೆ ನಗುವರೆಂಬ ಭಯದಿಂದ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಭಾಷಣ ಸ್ಪರ್ಧೆಯೆಂದರೆ ಮೊದಲೇ ಮಾತು ಬಲ್ಲ ನಾಲ್ಕು ಮಂದಿ ಎದ್ದು, ಉಪಾಧ್ಯಾಯರು ಬರೆದುಕೊಟ್ಟುದನ್ನು ಒಪ್ಪಿಸಿ ಬಹುಮಾನ ಪಡೆಯುವುದು. ಇದರಿಂದ ಮೌನಿಗಳಿಗೆ ಆದ ಪ್ರಯೋಜನವೇನು? ಸಂಘದಲ್ಲಾದರೆ ಒಬ್ಬೊಬ್ಬರಿಗೂ ಎರಡೆರಡು ನಿಮಿಷ, ವಿಷಯವೂ ಅವರದೇ. ನಿನ್ನೆಯ ಸಂತೆಯಲ್ಲಿ ಟೊಮೇಟೊ ಯಾವ ಬೆಲೆಗೆ ಹೋಯಿತು ಎಂಬುದನ್ನು ಹೇಳಲಿ. ನಡುವೆ ಒಂದು ತೆಲುಗು ಮಾತು ನುಸುಳಿದರೆ ನುಸುಳಲಿ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದಗಳನ್ನು ಕಟ್ಟಿದವರು. ಎರಡು ಭಾಷೆ ಬಲ್ಲ ಮಗುವನ್ನು ಅರ್ಧ ಭಾಷೆ ಬಲ್ಲವನಂತೆ ಕಾಣುವುದು ಅನ್ಯಾಯ.

ಸಂಗೀತದ ವಿಷಯದಲ್ಲಿಯೂ ನಮಗೆ ಒಂದು ಆಕ್ಷೇಪಣೆಯಿದೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಪತ್ರಿಕೆಗಳಲ್ಲಿ ಚಿತ್ರವನ್ನು ಕಂಡು ಎಲ್ಲರೂ ಹೆಮ್ಮೆಪಟ್ಟರು. ಆದರೆ ತಮಟೆಯನ್ನು ಮೆರವಣಿಗೆಯಲ್ಲಿ ಶಾಲೆಯ ಬಾಗಿಲವರೆಗೆ ತಂದು, ಅಲ್ಲಿಂದ ಮುಂದಕ್ಕೆ ಹಾರ್ಮೋನಿಯಮ್ಮನ್ನು ಮಾತ್ರ ಬಿಡುವ ಪದ್ಧತಿಯು ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಇದರ ಹಿಂದಿರುವುದು ಸಂಗೀತದ ವಿಚಾರವಲ್ಲ, ಜಾತಿಯ ವಿಚಾರ. ತಾಳವನ್ನು ಬಲ್ಲ ತಂದೆಯ ಮಗನು ಶಾಲೆಯ ಸಂಘದಲ್ಲಿ ಮಿಕ್ಕ ಮಕ್ಕಳಿಗೆ ತಮಟೆಯನ್ನು ಹೇಳಿಕೊಡುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಡ. ಸಂಗೀತ ಸಂಘದ ಉಪಾಧ್ಯಾಯರು ಒಂದು ಸಲ ಕೇಳಿದರೆ ಸಾಕು.

ಸ್ಪರ್ಧೆಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಪ್ರತಿಭಾ ಕಾರಂಜಿಯು ಹಳ್ಳಿಯ ಶಾಲೆಯ ಎಷ್ಟೋ ಮಕ್ಕಳನ್ನು ವೇದಿಕೆಗೆ ಹತ್ತಿಸಿದೆ. ಮಕ್ಕಳ ವಿಜ್ಞಾನ ಸಮಾವೇಶವು ೧೯೯೩ರಿಂದ, ತಮ್ಮ ಊರಿನ ಸಮಸ್ಯೆಯನ್ನು ತಾವೇ ಪರೀಕ್ಷಿಸಿ ನೋಡುವಂತೆ ಮಕ್ಕಳಿಗೆ ಹೇಳುತ್ತ ಬಂದಿದೆ. ಮೇಲೆ ಹೇಳಿದ ಮಳೆಯ ಪುಸ್ತಕವೂ ರೆಂಡಿಟ್ಟದ ಲೆಕ್ಕವೂ ಅದಕ್ಕೆ ಹೇಳಿಮಾಡಿಸಿದಂತಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆಯು ಕನ್ನಡದಲ್ಲಿಯೇ ಇದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿದೆ. ಆದರೆ ವರ್ಷಕ್ಕೊಮ್ಮೆ ಬರುವ ಜಾತ್ರೆಯಿಂದ ಮನೆಯ ಒಲೆ ಉರಿಯುವುದಿಲ್ಲ. ಸ್ಕೌಟು ಗೈಡುಗಳ ದಳ, ಎನ್.ಸಿ.ಸಿ. ಇವು ಇರುವ ಶಾಲೆಗಳು ಭಾಗ್ಯಶಾಲಿಗಳು. ಅವುಗಳಿಗೆ ಗೊತ್ತಾದ ದಿನವೂ ಕ್ರಮವೂ ಮೊದಲಿನಿಂದಲೇ ಇರುವುದರಿಂದ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು ಮನೆಯವರ ಪಾಲಿಗೆ ಬರುವ ಸಂಗತಿ. ಒಂಬತ್ತನೆಯ ತರಗತಿಯವರೆಗೆ ಸಂಘಕ್ಕೆ ಬರುತ್ತಿದ್ದ ಮಗುವನ್ನು ಹತ್ತನೆಯ ತರಗತಿಗೆ ಬಂದೊಡನೆ, ಎಸ್.ಎಸ್.ಎಲ್.ಸಿ. ಎಂದು ಬಿಡಿಸಿಬಿಡುತ್ತಾರೆ. ವಾರಕ್ಕೆ ಒಂದು ಗಂಟೆ ಉಳಿಯಿತೆಂದು ತಂದೆಗೆ ಸಮಾಧಾನ. ಆ ಗಂಟೆಯು ಓದಿಗೆ ಹೋಗುವುದೋ ಕೈಯಲ್ಲಿಯ ಫೋನಿಗೆ ಹೋಗುವುದೋ ತಾಯಿಯೇ ಬಲ್ಲಳು. ಹೆಣ್ಣುಮಗುವಾದರೆ ಇನ್ನೂ ಮುಂಚೆಯೇ ನಿಲ್ಲಿಸುತ್ತಾರೆ. ಮೈನೆರೆದ ಹುಡುಗಿ ಸಭೆಯಲ್ಲಿ ನಿಂತು ಮಾತನಾಡುವುದೇಕೆ ಎನ್ನುವ ಅಜ್ಜಂದಿರು ಇನ್ನೂ ಇದ್ದಾರೆ. ಇಂತಹವರೊಡನೆ ವಾದಮಾಡುವುದಕ್ಕಿಂತ, ಒಂದು ದಿನ ಶಾಲೆಗೆ ಕರೆದುಕೊಂಡು ಬಂದು ಮೊಮ್ಮಗಳು ಮಾತನಾಡುವಾಗ ಮುಂದಿನ ಸಾಲಿನಲ್ಲಿ ಕೂರಿಸುವುದು ಒಳ್ಳೆಯದು. ನಾವು ಬಲ್ಲ ಅಂತಹ ಒಬ್ಬ ಅಜ್ಜನು, ಮೊಮ್ಮಗಳು ಸಭೆಯಲ್ಲಿ ತಮ್ಮ ಹೊಲದ ಬಾವಿಯ ಆಳವನ್ನು ತಪ್ಪಾಗಿ ಹೇಳಿದಳೆಂದು ಎದ್ದುನಿಂತು ತಿದ್ದಿದನು. ಅದರಮೇಲೆ ಬಾವಿ ತೋಡಿದ ಕಥೆಯನ್ನೆಲ್ಲ ಮಕ್ಕಳ ಮುಂದೆ ಅರ್ಧ ಗಂಟೆ ಹೇಳಿದನು. ಮುಂದಿನ ಸಲ ಅವನನ್ನು ಕರೆಯಲು ಯಾರೂ ಹೋಗಬೇಕಾಗಲಿಲ್ಲ.

ಊರಿನಲ್ಲಿ ಮಾತನಾಡಬಲ್ಲವರ ಕೊರತೆಯಿಲ್ಲ. ಹಳೆಯ ಬಡಗಿ, ದಾಖಲೆ ಬಲ್ಲ ನಿವೃತ್ತ ಶಾನುಭೋಗರ ಮನೆಯವರು, ಆಸ್ಪತ್ರೆಯ ದಾದಿ, ದ್ರಾಕ್ಷಿಯ ತೋಟದವರು, ಹೂವಿನ ಮಂಡಿಯವರು, ಇವರೆಲ್ಲರೂ ವಾರಕ್ಕೊಬ್ಬರಂತೆ ಬಂದರೆ ವರ್ಷ ಸಾಲದು. ಉಪಾಧ್ಯಾಯರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೆ ಸಾಕು. ಅಧ್ಯಕ್ಷತೆ, ವಂದನಾರ್ಪಣೆ, ಲೆಕ್ಕಪತ್ರ ಎಲ್ಲವೂ ಮಕ್ಕಳ ಕೈಯಲ್ಲಿರಲಿ. ಎಷ್ಟು ಮಂದಿ ಬಂದರು, ಏನು ಮಾಡಿದರು, ಯಾರು ಏನು ಕೇಳಿದರು ಎಂಬುದನ್ನು ನಡಾವಳಿಯ ಪುಸ್ತಕದಲ್ಲಿ ಸರದಿಯ ಮೇಲೆ ಒಬ್ಬೊಬ್ಬರು ಬರೆಯಬೇಕು.

ತಿಂಗಳಿಗೊಮ್ಮೆ ಮಕ್ಕಳ ಅಂಕಪಟ್ಟಿಗೆ ಸಹಿ ಹಾಕಲು ಶಾಲೆಗೆ ಹೋಗುವ ಗೃಹಸ್ಥರು ಆ ನಡಾವಳಿಯ ಪುಸ್ತಕವನ್ನೂ ಒಂದು ಸಲ ನೋಡಲು ಕೇಳಬಹುದು. ಕೇಳುವ ಅಧಿಕಾರ ಅವರಿಗಿದೆ. ಶಾಲೆಯ ಸಮಿತಿಯಲ್ಲಿರುವ ತಾಯಿತಂದೆಗಳು ಮುಂದಿನ ಸಭೆಯಲ್ಲಿ ಸಂಘದ ಪಿರಿಯಡ್ಡನ್ನು ವೇಳಾಪಟ್ಟಿಯೊಳಗೆ ಸೇರಿಸುವ ವಿಷಯವನ್ನು ಬರೆದುಕೊಡಬಹುದು. ಹಾಗೆ ಬರೆದುಕೊಡುವಾಗ, ತಮ್ಮ ಶಾಲೆಯ ಎಷ್ಟು ಮಕ್ಕಳು ಯಾವ ಯಾವ ಬಸ್ಸಿಗೆ ಹೋಗುತ್ತಾರೆ, ಅದು ಎಷ್ಟು ಗಂಟೆಗೆ ಹೊರಡುತ್ತದೆ ಎಂಬ ಪಟ್ಟಿಯನ್ನೂ ಜೊತೆಗೆ ಲಗತ್ತಿಸಲಿ. ಆ ಪಟ್ಟಿಯನ್ನು ತಯಾರುಮಾಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದರೆ ಒಂದು ವಾರದಲ್ಲಿ ಮುಗಿಸಿ ಕೊಡುತ್ತಾರೆ.